ಓಡುವಾಗ ತಂಪು, ನಿಂತರೆ ಬಿಸಿ: ಕಾರಿನ ಎ.ಸಿ.ಗೆ ಏನಾಗಿದೆ?

ಏಪ್ರಿಲ್ ಮಧ್ಯಾಹ್ನ ದೇವನಹಳ್ಳಿ ಹೆದ್ದಾರಿಯಲ್ಲಿ ತಣ್ಣಗೆ ಬೀಸುತ್ತಿದ್ದ ಎ.ಸಿ., ಸಾದಹಳ್ಳಿ ಟೋಲ್‌ನ ಸರತಿಯಲ್ಲಿ ಕಾರು ನಿಂತೊಡನೆ ಬಿಸಿಗಾಳಿ ಸೂಸತೊಡಗುತ್ತದೆ. ಕಾರು ವೇಗ ಪಡೆದರೆ ಮತ್ತೆ ತಂಪು. ಗ್ಯಾಸ್ ಖಾಲಿಯಾಗಿದೆಯೆಂದು ತುಂಬಿಸಲು ಹೊರಡುವವರೇ ಹೆಚ್ಚು. ಆದರೆ ಇಲ್ಲಿ ಮೊದಲು ಶಂಕಿಸಬೇಕಾದುದು ಫ್ಯಾನನ್ನು.

ಕಾರಿನೊಳಗಿನ ಶಾಖವನ್ನು ಹೊತ್ತು ತಂದ ಗ್ಯಾಸ್ ಅದನ್ನು ಹೊರಬಿಡುವುದು ರೇಡಿಯೇಟರ್ ಮುಂದಿರುವ ಕಂಡೆನ್ಸರ್‌ನಲ್ಲಿ. ಓಡುವ ಕಾರಿಗೆ ಎದುರುಗಾಳಿ ಸಾಕು. ನಿಂತ ಕಾರಿಗೆ ಫ್ಯಾನೇ ಗತಿ. ಫ್ಯಾನ್ ಕೆಟ್ಟರೆ, ಇಲ್ಲವೇ ಹೊಸಕೋಟೆ, ದೊಡ್ಡಬಳ್ಳಾಪುರ ರಸ್ತೆಗಳ ಧೂಳು ಕಂಡೆನ್ಸರ್‌ನ ಸಂದುಗಳಲ್ಲಿ ಕಟ್ಟಿಕೊಂಡರೆ, ಶಾಖ ಹೊರಹೋಗದೆ ಒತ್ತಡ ಏರುತ್ತದೆ. ಮಿತಿ ಮೀರಿದಾಗ ಸುರಕ್ಷತಾ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸುತ್ತದೆ. ಆಗ ಗ್ಯಾಸ್ ತುಂಬಿಸುವುದೆಂದರೆ ಹಣ ಕೊಟ್ಟು ತೊಂದರೆ ಕೊಂಡಂತೆ; ಒತ್ತಡ ಇನ್ನಷ್ಟು ಹೆಚ್ಚುತ್ತದೆ.

ಎ.ಸಿ. ಚಾಲೂ ಮಾಡಿ, ಬಾನೆಟ್ ತೆರೆದು ಕೆಲ ನಿಮಿಷ ಗಮನಿಸಿ. ಕೈ ಹಾಕಬಾರದು, ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗೀತು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರುಗಳನ್ನು ಪರೀಕ್ಷಿಸಬೇಕು. ಹಲವು ಕಾರುಗಳಲ್ಲಿ ಎಂಜಿನ್ ತಂಪಾಗಿಸುವುದೂ ಇದೇ ಫ್ಯಾನ್. ಉಷ್ಣತೆಯ ಮುಳ್ಳು ಮೇಲೇರುತ್ತಿದ್ದರೆ ಪ್ರಯಾಣ ಮುಂದುವರಿಸುವುದು ಅಪಾಯ. ಧೂಳಿದ್ದರೆ ಎಂಜಿನ್ ಆರಿದ ಮೇಲೆ ಮೆಲ್ಲಗೆ ನೀರು ಹಾಯಿಸಿದರಾಯಿತು. ರಭಸದ ನೀರಿಗೆ ಕಂಡೆನ್ಸರ್‌ನ ತೆಳು ರೆಕ್ಕೆಗಳು ಬಾಗುತ್ತವೆ.

ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ನಿಜಕ್ಕೂ ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆಯಿದೆ. ತುಂಬಿಸುವ ಮೊದಲು ಅದನ್ನು ಹುಡುಕಿಸಬೇಕು.