ಕನ್ನಡಿ ಹೋಯಿತು, ಋಣ ಹೋದೀತೆ?

ನಮ್ಮ ಬೀದಿಯ ತಿರುವಿನಲ್ಲಿ ಒಂದು ಹಳೆಯ ಫೋಟೋ ಸ್ಟುಡಿಯೋ ಉಂಟು. ನನ್ನ ನಾಮಕರಣದ ಚಿತ್ರವನ್ನೂ, ಎಂ.ಎ. ಪದವಿಯ ಕರಿಯ ನಿಲುವಂಗಿಯ ಚಿತ್ರವನ್ನೂ, ಮದುವೆಯ ಚಿತ್ರವನ್ನೂ ತೆಗೆದವರು ಅದರ ಯಜಮಾನರಾದ ರಾಯರೇ. ಕಳೆದ ತಿಂಗಳು ಅಲ್ಲಿಗೆ ಹೋದಾಗ ತಂದೆಗೂ ಮಗನಿಗೂ ಮಾತು ನಿಂತುಹೋಗಿತ್ತು. ಕಾರಣ ಆಸ್ತಿಯಲ್ಲ, ಸೊಸೆಯಲ್ಲ, ಕ್ಯಾಮೆರಾ.

“ನೀವೇ ನ್ಯಾಯ ಹೇಳಿ, ಮೇಷ್ಟ್ರೇ” ಎನ್ನುತ್ತ ರಾಯರು ಬೀರುವಿನ ಬಾಗಿಲು ತೆರೆದರು. ಮಳೆಗಾಲದ ಬೂಷ್ಟು ತಗಲದಿರಲೆಂದು ಇಟ್ಟ ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಏಳು ಲೆನ್ಸುಗಳು ಸಾಲಾಗಿ ಕುಳಿತಿದ್ದವು. “ಮೂವತ್ತು ವರ್ಷದಿಂದ ಒಂದೇ ಕಂಪನಿಯ ಸಾಮಾನು. ಅನ್ನ ಕೊಟ್ಟ ಹೆಸರು. ಇದೆಲ್ಲವನ್ನೂ ಮಾರಿ, ಬೇರೆಯವರ ಕನ್ನಡಿಯಿಲ್ಲದ ಕ್ಯಾಮೆರಾ ತರೋಣ ಎನ್ನುತ್ತಾನೆ ಇವನು.”

ಆ ಹೆಸರು ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಛಾಯಾಗ್ರಹಣದ ಹವ್ಯಾಸವುಳ್ಳ ವಾಚಕರಲ್ಲಿ ಅರ್ಧ ಮಂದಿ ಈಗಲೇ ಪುಟ ಮಗುಚಿಯಾರು.

ಈ ಕನ್ನಡಿಯ ಮರ್ಮವಿಷ್ಟು. ಹಳೆಯ ಬಗೆಯ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ನಿಂತ ಕನ್ನಡಿಯೊಂದು ಬೆಳಕನ್ನು ಮೇಲಕ್ಕೆ ಹಾಯಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತದೆ. ಗುಂಡಿ ಒತ್ತಿದೊಡನೆ ಅದು ‘ಖಟ್’ ಎಂದು ಮೇಲೆದ್ದು ದಾರಿ ಬಿಡುತ್ತದೆ. ಅದು ಓಲಾಡಲು ಸ್ಥಳ ಬೇಕಷ್ಟೆ? ಆದುದರಿಂದ ಲೆನ್ಸು ಕೂಡುವ ಬಾಯಿಗೂ ಚಿತ್ರ ಮೂಡುವ ಪಾತಳಿಗೂ ನಡುವೆ ನಿಕಾನಿನಲ್ಲಿ 46.5 ಮಿಲಿಮೀಟರ್, ಕೆನಾನಿನಲ್ಲಿ 44 ಮಿಲಿಮೀಟರ್ ಅಂತರವನ್ನು ಬಿಟ್ಟಿದ್ದರು. 2018ರಲ್ಲಿ ಕೆಲವೇ ದಿನಗಳ ಅಂತರದಲ್ಲಿ ಈ ಎರಡು ಕಂಪನಿಗಳೂ ದೊಡ್ಡ ಸಂವೇದಕದ, ಕನ್ನಡಿಯಿಲ್ಲದ ಕ್ಯಾಮೆರಾಗಳನ್ನು ಹೊರತಂದಾಗ ಆ ಅಂತರ ಅನುಕ್ರಮವಾಗಿ 16ಕ್ಕೂ 20ಕ್ಕೂ ಇಳಿಯಿತು. ಸೋನಿ ಕಂಪನಿಯು 2010ರಲ್ಲೇ 18ಕ್ಕೆ ಇಳಿದು, 2013ರಲ್ಲಿ ದೊಡ್ಡ ಸಂವೇದಕವನ್ನೂ ಅದಕ್ಕೆ ಹೊಂದಿಸಿಕೊಂಡು ಮುಂದೆ ನಡೆದಿತ್ತು.

ಈ ಕೆಲವು ಮಿಲಿಮೀಟರುಗಳಲ್ಲೇ ಇದೆ ಸ್ವಾರಸ್ಯ. ಉಳಿದ ತೆರವನ್ನು ಒಂದು ಲೋಹದ ಬಳೆಯಿಂದ ತುಂಬಿದರೆ ಹಳೆಯ ಲೆನ್ಸು ಹೊಸ ಕ್ಯಾಮೆರಾಕ್ಕೆ ಕೂಡುತ್ತದೆ. ಸ್ವಂತ ಕಂಪನಿಯ ಲೆನ್ಸಷ್ಟೇ ಅಲ್ಲ, ತಕ್ಕ ಬಳೆ ಸಿಕ್ಕಿದರೆ ಪರರದೂ ಕೂಡೀತು. ಕೆನಾನಿನ ಲೆನ್ಸುಗಳನ್ನು ಕೈಬಿಡದೆಯೇ ಎಷ್ಟೋ ಮಂದಿ ಸೋನಿಯ ಮನೆಗೆ ನಡೆದದ್ದು ಇದೇ ಉಪಾಯದಿಂದ. ಒಂದು ಕಂಪನಿಯನ್ನು ಇನ್ನೊಂದರಿಂದ ಬೇರ್ಪಡಿಸಿದ್ದ ಕೋಟೆಗೋಡೆಯನ್ನು ಆ ಪುಟ್ಟ ಕನ್ನಡಿಯೂ ಎತ್ತಿ ಹಿಡಿದಿತ್ತೆಂದು ಯಾರು ತಿಳಿದಿದ್ದರು?

ಇನ್ನು ನಿಷ್ಠೆಯ ಮಾತು. ನಿಕಾನ್ 1959ರಲ್ಲಿ ತನ್ನ ‘ಎಫ್’ ಕ್ಯಾಮೆರಾಕ್ಕೆ ಕೊಟ್ಟ ಬಾಯಿಯನ್ನೇ ಅರುವತ್ತು ವರ್ಷ ಉಳಿಸಿಕೊಂಡು ಬಂದಿತು. 2020ರ ‘ಡಿ 6’ರಲ್ಲಿಯೂ ಅದೇ ಬಾಯಿ. ಕೆನಾನ್ ಹಾಗೆ ಮಾಡಲಿಲ್ಲ. 1987ರಲ್ಲಿ ಒಮ್ಮೆಲೇ ಹಳೆಯ ಬಾಯಿಯನ್ನು ತೊರೆದು, ನಾಭಿಯನ್ನು ಹೊಂದಿಸುವ ಮೋಟಾರನ್ನು ಪ್ರತಿಯೊಂದು ಲೆನ್ಸಿನ ಒಳಗೇ ಇಟ್ಟು, ಎಲ್ಲ ಸಂದೇಶವನ್ನೂ ವಿದ್ಯುತ್ತಿನಿಂದಲೇ ಸಾಗಿಸಿತು. ಹಳೆಯ ಲೆನ್ಸು ಕೊಂಡವರು ಆಗ ಹಿಡಿಶಾಪ ಹಾಕಿದರು. ಹಾಕಿದ್ದೂ ನ್ಯಾಯವೇ.

ಆದರೆ ಮೂವತ್ತೊಂದು ವರ್ಷಗಳ ಅನಂತರ ನೋಡಿ! ಅಂದು ಕೈಬಿಟ್ಟವರ ಲೆನ್ಸುಗಳು ಬಳೆ ತೊಟ್ಟು ಹೊಸ ಕ್ಯಾಮೆರಾದಲ್ಲಿ ಸಲೀಸಾಗಿ ತಾವೇ ನಾಭಿ ಹಿಡಿದವು. ಕೈಬಿಡದವರ ಹಳೆಯ ಲೆನ್ಸುಗಳಲ್ಲಿ ಬಹಳಷ್ಟಕ್ಕೆ ಸ್ವಂತ ಮೋಟಾರಿಲ್ಲ. ಕ್ಯಾಮೆರಾದೊಳಗಿನ ಮೋಟಾರು ಒಂದು ತಿರುಪಿನ ಮೂಲಕ ಅವನ್ನು ತಿರುಗಿಸಬೇಕಾಗಿತ್ತು. ನಿಕಾನ್ ತಾನೇ ಮಾಡಿದ ಬಳೆಯಲ್ಲಿ ಆ ಮೋಟಾರನ್ನು ಇಡಲಿಲ್ಲವಾಗಿ ಅವನ್ನು ಕೈಯಿಂದಲೇ ಹೊಂದಿಸಬೇಕು. ಮಾತಿಗೆ ನಿಂತವರ ಭಕ್ತರಿಗೆ ತೊಡಕು, ಮಾತು ಮುರಿದವರ ಭಕ್ತರಿಗೆ ಸೌಕರ್ಯ! ಪುರಾಣದಲ್ಲಾದರೂ ಇಂತಹ ಫಲಶ್ರುತಿ ಕಂಡಿಲ್ಲ.

ನಿಷ್ಠೆ ಎಂಬ ಶಬ್ದದ ಬೇರಿನಲ್ಲಿ ನಿಲ್ಲುವುದೆಂಬ ಅರ್ಥವುಂಟು. (ಕನ್ನಡ ಮೇಷ್ಟರಿಗೆ ಈ ಚಪಲ ತಪ್ಪದು.) ನಿಂತ ನೆಲವೇ ಸರಿದುಹೋದರೆ ಏನು ಗತಿ? 1985ರಲ್ಲಿ ಮಿನೋಲ್ಟಾ 7000 ಕೊಂಡವರನ್ನು ಕೇಳಬೇಕು. ಅವರ ಕಂಪನಿ ಕೊನಿಕಾದೊಡನೆ ಕೂಡಿಕೊಂಡಿತು. 2006ರಲ್ಲಿ ಕ್ಯಾಮೆರಾ ವ್ಯವಹಾರ ಸೋನಿಯ ಪಾಲಾಯಿತು. ಸೋನಿ ತನ್ನ ಹೊಸ ಬಾಯಿಯನ್ನೇ ಮೆಚ್ಚಿ, 2021ರಲ್ಲಿ ಹಳೆಯ ಸಾಲನ್ನು ನಿಲ್ಲಿಸಿತು. ಭಕ್ತರು ಕದಲಲಿಲ್ಲ, ಗುಡಿಯೇ ಊರು ಬಿಟ್ಟಿತು.

ರಾಯರ ಸಂಕಟ ಹಣದ್ದೂ ಹೌದು. ಲೆನ್ಸನ್ನು ಕೊಳ್ಳುವಾಗ ಚಿನ್ನದ ಬೆಲೆ, ಮಾರುವಾಗ ಹಿತ್ತಾಳೆಯ ಬೆಲೆ. ಆದರೆ ಹಣಕ್ಕಿಂತ ಹೆಚ್ಚಾಗಿ ಕೈಯ ಅಭ್ಯಾಸ. ಒಂದು ಕಂಪನಿಯ ಲೆನ್ಸು ಬಲಕ್ಕೆ ತಿರುಗಿ ಕೂಡಿದರೆ ಇನ್ನೊಂದರದು ಎಡಕ್ಕೆ. ದೃಶ್ಯವನ್ನು ಹತ್ತಿರಕ್ಕೆ ಸೆಳೆಯುವ ಬಳೆಯೂ ತಿರುಗುಮುರುಗು. ಮಾಂಗಲ್ಯಧಾರಣೆ ಎರಡನೆಯ ಸಲ ನಡೆಯುವುದಿಲ್ಲ. ಆ ಕ್ಷಣದಲ್ಲಿ ಬೆರಳು ಹಳೆಯ ದಿಕ್ಕಿಗೆ ಹೋದರೆ?

ಮಗನ ವಾದವೂ ಹಗುರವಲ್ಲ. ಒತ್ತುವ ಮೊದಲೇ ಚಿತ್ರದ ಬೆಳಕು ಎಷ್ಟೆಂದು ಕಿಂಡಿಯಲ್ಲೇ ಕಾಣುತ್ತದೆ, ಯಂತ್ರವೇ ಮುಖದಲ್ಲಿ ಕಣ್ಣನ್ನು ಹುಡುಕಿ ಹಿಡಿಯುತ್ತದೆ, ಸದ್ದಿಲ್ಲ. ಬ್ಯಾಟರಿ ಬೇಗ ಬರಿದಾಗುತ್ತದೆಂಬುದನ್ನು ಅವನೇ ಒಪ್ಪಿಕೊಂಡ. “ಕೇಳಲು ಬರುವವರು ಈಗ ಕಂಪನಿಯ ಹೆಸರನ್ನು ಕೇಳುವುದಿಲ್ಲ, ಅಪ್ಪಾ. ಕತ್ತಲೆಯ ಛತ್ರದಲ್ಲಿ ಚಿತ್ರ ಹೇಗೆ ಬರುತ್ತದೆಂದು ಕೇಳುತ್ತಾರೆ” ಎಂದ.

ನಾನು ನ್ಯಾಯ ಹೇಳಲಿಲ್ಲ. ಒಂದು ಮದುವೆಯ ಮಟ್ಟಿಗೆ ಬಾಡಿಗೆಗೆ ತನ್ನಿ ಎಂದೆ, ಅಷ್ಟೆ. ಹಳೆಯ ಕಂಪನಿಯದೇ ಹೊಸ ಕ್ಯಾಮೆರಾ ಒಂದು, ಬಳೆಯ ಸಮೇತ. ಮಗ ಮೆಚ್ಚಿದ್ದು ಇನ್ನೊಂದು. ಮುಹೂರ್ತಕ್ಕೆ ರಾಯರು ಮೊದಲನೆಯದನ್ನು ಹಿಡಿದು ನಿಂತರು. ಗಟ್ಟಿಮೇಳ ಮೊಳಗಿತು, ಒತ್ತಿದರು. ಸದ್ದಿಲ್ಲ. ಚಿತ್ರ ಬಂತೋ ಇಲ್ಲವೋ ಎಂಬ ಗಾಬರಿಯಲ್ಲಿ ಮತ್ತೆ ಮತ್ತೆ ಒತ್ತಿದರು. ಊಟದ ಹೊತ್ತಿಗೆ ನೋಡಿದರೆ ಒಂದೇ ತಾಳಿಗೆ ಅರುವತ್ತಮೂರು ಚಿತ್ರ! ಅವುಗಳಲ್ಲೊಂದನ್ನು ಹಿಗ್ಗಿಸಿ ನೋಡುತ್ತ ಅವರು ಬಹಳ ಹೊತ್ತು ಮಾತಾಡಲಿಲ್ಲ. ವಧುವಿನ ರೆಪ್ಪೆಯ ಮೇಲೆ ಅಕ್ಷತೆಯ ಕಾಳೊಂದು ನಿಂತಿತ್ತು. ಪ್ರತಿ ಕೂದಲೂ ಸ್ಫುಟವಾಗಿತ್ತು.

ಕೊನೆಗೆ ಹಳೆಯ ಹೆಸರೇ ಉಳಿಯಿತು. ಮೂರು ಲೆನ್ಸುಗಳು ಮಾರಾಟವಾದವು, ಬಳೆಯೊಂದು ಬಂತು. ಮೋಟಾರಿಲ್ಲದ ಎರಡು ಹಳೆಯ ಲೆನ್ಸುಗಳ ಗತಿಯೇನೆಂದು ಕೇಳಿದೆ.

“ಕೈಯಿಂದ ತಿರುಗಿಸುತ್ತೇನೆ, ಮೇಷ್ಟ್ರೇ. ನಿಮ್ಮ ನಾಮಕರಣದಲ್ಲಿ ಮತ್ತೇನು ಮಾಡಿದ್ದೆ?” ಎಂದರು ರಾಯರು.

ಬೇಕಾದರೆ ‘ಖಟ್’ ಎಂಬ ಕೃತಕ ಸದ್ದನ್ನು ಹೊರಡಿಸುವ ಏರ್ಪಾಡೂ ಆ ಕ್ಯಾಮೆರಾದಲ್ಲುಂಟು. ಮಗ ಅದನ್ನು ತೋರಿಸಿಕೊಟ್ಟಿದ್ದಾನೆ.