ಹಳೆಯ ನೆಗೆಟಿವ್ ಕಸವಲ್ಲ: ಎಸೆಯುವ ಮುನ್ನ ಇದನ್ನೊಮ್ಮೆ ಓದಿ

ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಹಳೆಯ ಟ್ರಂಕು ಇಳಿಯುತ್ತದೆ. ಒಳಗೆ ಮದುವೆ ಆಲ್ಬಮ್, ಅದರ ಜೊತೆ ಸ್ಟುಡಿಯೋದವರು ಕವರಿನಲ್ಲಿ ಹಾಕಿ ಕೊಟ್ಟ ನೆಗೆಟಿವ್ ತುಂಡುಗಳು. "ಫೋಟೋ ಹೇಗೂ ಇದೆ, ಮೊಬೈಲಿನಲ್ಲಿ ಹೊಡೆದುಕೊಂಡರೆ ಆಯಿತು, ಇವು ಯಾಕೆ?" ಎಂದು ನೆಗೆಟಿವ್‌ಗಳನ್ನು ಕಸಕ್ಕೆ ಹಾಕುವವರು ಅನೇಕ. ಆದರೆ ಆಲ್ಬಮಿನಲ್ಲಿರುವುದು ನಕಲು, ನೆಗೆಟಿವ್ ಮೂಲ. ನಾವು ಎಸೆಯುತ್ತಿರುವುದು ಮೂಲವನ್ನೇ.

ಕೆಲವು ಚಿತ್ರಗಳನ್ನು ಮತ್ತೆ ತೆಗೆಯಲು ಸಾಧ್ಯವೇ ಇಲ್ಲ. ಪಾಂಡವಪುರ ತಾಲ್ಲೂಕಿನ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನೇ ನೋಡಿ. ಕೆಆರ್‌ಎಸ್ ಕಟ್ಟಿದಾಗ ಅದು ಹಿನ್ನೀರಿನಲ್ಲಿ ಮುಳುಗಿತು. ನೀರು ತೀರಾ ಇಳಿದಾಗ ಮಾತ್ರ ಕಾಣುತ್ತಿತ್ತು. ಆಮೇಲೆ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಹಳೆಯ ಜಾಗದಲ್ಲಿ ಅದನ್ನು ಫಿಲ್ಮ್ ಕ್ಯಾಮೆರಾದಲ್ಲಿ ಯಾರಾದರೂ ಸೆರೆಹಿಡಿದಿದ್ದರೆ, ಆ ನೆಗೆಟಿವ್‌ಗೆ ಬೆಲೆ ಕಟ್ಟಲಾಗದು. ತೀರಿಹೋದ ಅಜ್ಜಿಯ ಮುಖವೂ ಹಾಗೆಯೇ.

ಮೊಬೈಲಿನಲ್ಲಿ ಫೋಟೋದ ಫೋಟೋ ಹೊಡೆದರೆ ಸಾಲದೇ?

ಸಾಲದು. ನೆಗೆಟಿವ್‌ನಲ್ಲಿ ದಾಖಲಾದ ಬೆಳಕು-ನೆರಳಿನ ವಿವರವೆಲ್ಲ ಕಾಗದದ ಪ್ರಿಂಟಿಗೆ ಬರುವುದಿಲ್ಲ. ಪ್ರಿಂಟಿನಲ್ಲಿ ಬೆಳ್ಳಗೆ ಕಾಣುವ ಪಂಚೆಯ ನೆರಿಗೆ, ಕಪ್ಪಾಗಿ ಹೋದ ಕೂದಲಿನ ಎಳೆ ನೆಗೆಟಿವ್‌ನಲ್ಲಿ ಉಳಿದಿರಬಹುದು. ಪ್ರಿಂಟ್ ಹಾಕುವಾಗ ಅಂಚಿನಲ್ಲಿ ನಿಂತವರು ಕತ್ತರಿಸಿ ಹೋಗಿರುವುದೂ ಉಂಟು. ಮೊಬೈಲಿನಲ್ಲಿ ಹೊಡೆದರೆ ಕಾಗದದ ಹೊಳಪು, ಸೊಟ್ಟ ಕೋನ, ಕೈಯ ನೆರಳೂ ಸೇರಿಕೊಳ್ಳುತ್ತವೆ.

ಫಿಲ್ಮ್ ಸ್ಕ್ಯಾನರ್ ಕೆಲಸ ಮಾಡುವ ರೀತಿ ಬೇರೆ. ಅದು ಫಿಲ್ಮಿನ ಒಂದು ಬದಿಯಿಂದ ಸಮನಾದ ಬೆಳಕು ಹಾಯಿಸಿ, ಇನ್ನೊಂದು ಬದಿಯಲ್ಲಿ ಸೆನ್ಸರ್ ಮೂಲಕ ಗೆರೆ ಗೆರೆಯಾಗಿ ಓದುತ್ತದೆ. ಕಲರ್ ನೆಗೆಟಿವ್‌ಗೆ ಕಿತ್ತಳೆ ಛಾಯೆ ಇರುತ್ತದೆ. ಮೊಬೈಲಿನಲ್ಲಿ ಫೋಟೋ ಹೊಡೆದು ಬಣ್ಣವನ್ನು ಸುಮ್ಮನೆ ತಿರುಗಿಸಿದರೆ ಇಡೀ ಚಿತ್ರ ನೀಲಿಯಾಗಿ ಕಾಣಲು ಇದೇ ಕಾರಣ. ಸ್ಕ್ಯಾನರ್‌ನ ಸಾಫ್ಟ್‌ವೇರ್ ಆ ಛಾಯೆಯನ್ನು ಲೆಕ್ಕಹಾಕಿ ತೆಗೆಯುತ್ತದೆ.

ಎಷ್ಟು ಡಿಪಿಐ ಬೇಕು?

ಸಾಮಾನ್ಯ 35 ಎಂಎಂ ರೀಲಿನ ಒಂದು ಚಿತ್ರ ಕೇವಲ 24×36 ಮಿಲಿಮೀಟರ್. 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 77 ಲಕ್ಷ ಪಿಕ್ಸೆಲ್ ಸಿಗುತ್ತದೆ. 4000 ಡಿಪಿಐನಲ್ಲಿ ಸುಮಾರು 2.1 ಕೋಟಿ. ಮನೆಯ ಆಲ್ಬಮಿಗೆ ಮೊದಲನೆಯದು ಸಾಕು. ದೊಡ್ಡದಾಗಿ ಕಟ್ಟು ಹಾಕಿಸುವ ಚಿತ್ರಕ್ಕೆ ಎರಡನೆಯದು ಒಳ್ಳೆಯದು. ಡಬ್ಬದ ಮೇಲೆ ಬರೆದ ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡಿ. ಸಾಫ್ಟ್‌ವೇರ್ ಊಹಿಸಿ ತುಂಬಿದ ಪಿಕ್ಸೆಲ್‌ನಲ್ಲಿ ಹೊಸ ವಿವರ ಇರುವುದಿಲ್ಲ. 'ಆಪ್ಟಿಕಲ್' ಡಿಪಿಐ ಎಷ್ಟು ಎಂದು ಕೇಳಿ.

ಹಳೆಯ ಸ್ಟುಡಿಯೋಗಳ ಕಪ್ಪು-ಬಿಳುಪು ಚಿತ್ರಗಳು ಹಲವು ಸಲ ಅಗಲವಾದ 120 ಫಿಲ್ಮಿನಲ್ಲಿರುತ್ತವೆ. 35 ಎಂಎಂ ಸ್ಕ್ಯಾನರ್‌ನಲ್ಲಿ ಅವು ಕೂರುವುದಿಲ್ಲ. ಅದಕ್ಕೆ ದೊಡ್ಡ ಫಿಲ್ಮ್ ಸ್ಕ್ಯಾನರ್, ಇಲ್ಲವೇ ಮುಚ್ಚಳದಲ್ಲೂ ಬೆಳಕಿರುವ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಬೇಕು.

ಕೆಲವು ನಂಬಿಕೆಗಳು, ನಿಜ ಸಂಗತಿ

ನಂಬಿಕೆ: ನೆಗೆಟಿವ್‌ನಲ್ಲಿ ಬೆಳ್ಳಿ ಇದೆ, ಮಾರಿದರೆ ಒಳ್ಳೆಯ ದುಡ್ಡು.
ನಿಜ: ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಚಿತ್ರ ಮೂಡಿರುವುದು ಬೆಳ್ಳಿಯಿಂದಲೇ. ಆದರೆ ಅದು ತೀರಾ ಅಲ್ಪ. ಕಲರ್ ನೆಗೆಟಿವ್‌ನಲ್ಲಿ ಫಿಲ್ಮ್ ತೊಳೆಯುವಾಗಲೇ ಬೆಳ್ಳಿ ಹೊರಹೋಗಿ ಬಣ್ಣ ಮಾತ್ರ ಉಳಿಯುತ್ತದೆ.

ನಂಬಿಕೆ: ಧೂಳು ಕೂತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.
ನಿಜ: ಚಿತ್ರವಿರುವ ಪದರ ಜೆಲಟಿನ್‌ನದು. ನೀರು ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಉಜ್ಜಿದರೆ ಗೀರು ಬೀಳುತ್ತದೆ. ಅಂಚು ಹಿಡಿದು, ಗಾಳಿ ಹೊಡೆಯುವ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ.

ನಂಬಿಕೆ: ಸ್ಕ್ಯಾನರ್‌ನ ಧೂಳು ತೆಗೆಯುವ ಬಟನ್ ಎಲ್ಲಕ್ಕೂ ಆಗುತ್ತದೆ.
ನಿಜ: ಈ ತಂತ್ರ ಇನ್‌ಫ್ರಾರೆಡ್ ಬೆಳಕನ್ನು ನಂಬಿದೆ. ಕಲರ್ ಫಿಲ್ಮಿನ ಬಣ್ಣಗಳನ್ನು ಆ ಬೆಳಕು ದಾಟಿ ಹೋಗುತ್ತದೆ, ಧೂಳು ಮಾತ್ರ ತಡೆಯುತ್ತದೆ. ಹಾಗಾಗಿ ಧೂಳು ಯಾವುದೆಂದು ಗೊತ್ತಾಗುತ್ತದೆ. ಕಪ್ಪು-ಬಿಳುಪು ಫಿಲ್ಮಿನ ಬೆಳ್ಳಿಯೂ ಆ ಬೆಳಕನ್ನು ತಡೆಯುವುದರಿಂದ ಯಂತ್ರ ಚಿತ್ರವನ್ನೇ ಧೂಳೆಂದು ತಿಳಿಯುತ್ತದೆ. ಅಲ್ಲಿ ಆ ಬಟನ್ ಆಫ್ ಇರಲಿ.

ನಂಬಿಕೆ: ಮುಖ ಮಸುಕಾಗಿದ್ದರೆ ಎಐ ಆ್ಯಪ್ ಸರಿಮಾಡುತ್ತದೆ.
ನಿಜ: ಇಲ್ಲದ ವಿವರವನ್ನು ಆ್ಯಪ್ ಊಹಿಸಿ ಬರೆಯುತ್ತದೆ. ಕಣ್ಣು, ಹಲ್ಲು ಸುಂದರವಾಗಿ ಬರಬಹುದು, ಆದರೆ ಅದು ನಿಮ್ಮ ತಾತನದೇ ಎನ್ನಲಾಗದು. ಎಐ ಮಾಡಿದ ಚಿತ್ರ ಬೇಕಿದ್ದರೆ ಬೇರೆಯಾಗಿಡಿ, ಮೂಲ ಸ್ಕ್ಯಾನ್ ಅಳಿಸಬೇಡಿ.

ಮುಂದಿನ ವರ್ಷ ಮಾಡಿಸಿದರೆ ಆಗದೇ?

ಫಿಲ್ಮ್ ಸುಮ್ಮನೆ ಕಾಯುವುದಿಲ್ಲ. ಮಳೆಗಾಲದ ತೇವಕ್ಕೆ ಜೆಲಟಿನ್ ಮೇಲೆ ಬೂಷ್ಟು ಬೆಳೆಯುತ್ತದೆ. ಶೀಟಿನ ಕೆಳಗಿನ ಅಟ್ಟದ ಬಿಸಿಗೆ ಬಣ್ಣ ಬೇಗ ಮಾಸುತ್ತದೆ. ಕವರ್ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಅದು ಅಪಾಯದ ಗುರುತು: ಅಸಿಟೇಟ್ ಫಿಲ್ಮ್ ಕೊಳೆಯುತ್ತಾ ಅಸಿಟಿಕ್ ಆಮ್ಲ ಬಿಡುತ್ತಿದೆ. ಆ ಆಮ್ಲ ಕೊಳೆಯುವ ವೇಗವನ್ನು ಇನ್ನೂ ಹೆಚ್ಚಿಸುತ್ತದೆ, ಪಕ್ಕದ ಫಿಲ್ಮಿಗೂ ಹಬ್ಬುತ್ತದೆ. ಅಂಥವನ್ನು ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿಸಿ. ಅಂಟಿಕೊಂಡ ನೆಗೆಟಿವ್‌ಗಳನ್ನು ಎಳೆದು ಬಿಡಿಸಬೇಡಿ, ತಿಳಿದವರಿಗೆ ಕೊಡಿ.

ಏನು ಮಾಡಬೇಕು?

ಶ್ರೀರಂಗಪಟ್ಟಣವಾಗಲಿ, ಕೆ.ಆರ್. ಪೇಟೆಯಾಗಲಿ, ನಾಗಮಂಗಲವಾಗಲಿ, ಎಲ್ಲ ಸ್ಟುಡಿಯೋಗಳಲ್ಲೂ ಫಿಲ್ಮ್ ಸ್ಕ್ಯಾನರ್ ಇರುವುದಿಲ್ಲ. ಕೊಡುವ ಮೊದಲು ಮೂರು ಪ್ರಶ್ನೆ ಕೇಳಿ: ನೆಗೆಟಿವ್ ಅನ್ನೇ ಸ್ಕ್ಯಾನ್ ಮಾಡುತ್ತೀರಾ, ಪ್ರಿಂಟನ್ನಾ? ಆಪ್ಟಿಕಲ್ ಡಿಪಿಐ ಎಷ್ಟು? ನೆಗೆಟಿವ್ ವಾಪಸ್ ಕೊಡುತ್ತೀರಾ? ಕೊಡುವ ತುಂಡುಗಳನ್ನು ಎಣಿಸಿ ಬರೆದಿಡಿ.

ಸಿಕ್ಕ ಫೈಲುಗಳನ್ನು ಎರಡು ಕಡೆ ಉಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿ. ಚಿತ್ರದಲ್ಲಿ ಯಾರಿದ್ದಾರೆ, ಯಾವ ಊರು, ಯಾವ ವರ್ಷ ಎಂದು ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದುಕೊಳ್ಳಿ. ಹೆಸರು ಹೇಳುವವರು ಹೋದಮೇಲೆ ಎಷ್ಟು ಡಿಪಿಐ ಇದ್ದರೂ ಅದು ಅಪರಿಚಿತರ ಚಿತ್ರ.

ಸ್ಕ್ಯಾನ್ ಆದಮೇಲೂ ನೆಗೆಟಿವ್ ಎಸೆಯಬೇಡಿ. ಕಾಗದದ ಕವರಿನಲ್ಲಿ, ತಂಪಾದ ಒಣ ಜಾಗದಲ್ಲಿಡಿ. ಹಾರ್ಡ್ ಡಿಸ್ಕ್ ಕೆಟ್ಟರೂ, ಮೊಬೈಲ್ ಕಳೆದರೂ ಅದರಿಂದ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬಹುದು. ಈ ಮಾಹಿತಿಯನ್ನು ನಿಮ್ಮ ಮನೆಯವರ ಗ್ರೂಪಿಗೆ ಕಳಿಸಿ. ಯಾರದೋ ಅಟ್ಟದಲ್ಲಿ ನಿಮ್ಮ ಮನೆಯ ಚಿತ್ರವೂ ಇರಬಹುದು.