ಮೃಗಾಲಯದ ಬಾಗಿಲಲ್ಲಿ ದಾಸೋಹದ ಕೈ

ರಜೆ ಬಂತೆಂದರೆ ಕಲಬುರಗಿಯ ಮನೆಮನೆಗಳಲ್ಲಿ ಮಕ್ಕಳ ಬೇಡಿಕೆ ಒಂದೇ: ಎಲ್ಲಿಗಾದರೂ ಕರೆದುಕೊಂಡು ಹೋಗಬೇಕು. ಅಪ್ಪನ ಗುಡಿಯಲ್ಲಿ ಶರಣಬಸವೇಶ್ವರರ ದರ್ಶನ ಪಡೆದು, ಕೆರೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಕುಳಿತು ಮನೆಗೆ ಮರಳುವುದು ನಮ್ಮ ಹಿರಿಯರ ಕಾಲದ ವಾಡಿಕೆ. ಸಾರ್ವಜನಿಕ ಉದ್ಯಾನದ ಕಿರುಮೃಗಾಲಯವೂ ಆ ವಾಡಿಕೆಗೆ ಸೇರಿ ದಶಕಗಳೇ ಸಂದಿವೆ. ಈ ನಗರದ ಎಷ್ಟೋ ಮಕ್ಕಳು ಜಿಂಕೆಯನ್ನು, ಮೊಸಳೆಯನ್ನು ಚಿತ್ರದಲ್ಲಲ್ಲದೆ ಕಣ್ಣೆದುರಿಗೆ ಮೊದಲು ಕಂಡದ್ದು ಅಲ್ಲಿಯೇ. ಊರ ನಡುವಿನ ಆ ಇಕ್ಕಟ್ಟಾದ ಜಾಗದಿಂದ ಪ್ರಾಣಿಗಳನ್ನು ಚಿತ್ತಾಪುರ ತಾಲ್ಲೂಕಿನ ಮಾಡಬೂಳದ ಬಳಿಯ ವಿಶಾಲ ನೆಲಕ್ಕೆ ಒಯ್ಯುವ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡಾಗ, ಮನೆಯ ಹತ್ತಿರದ ಆಕರ್ಷಣೆಯೊಂದು ದೂರವಾಗುವುದಲ್ಲ ಎಂದು ಹಲವರು ನೊಂದುಕೊಂಡರು. ನಾವು ಆ ಮಾತನ್ನು ಒಪ್ಪುವುದಿಲ್ಲ. ನಮಗೆ ಹತ್ತಿರವಾಗಿರಬೇಕೆಂಬುದು ನಮ್ಮ ಅನುಕೂಲ. ಓಡಾಡಲು ನೆಲ ಬೇಕೆಂಬುದು ಆ ಜೀವದ ಅಗತ್ಯ.

ಹಿಂದೆ ಮೃಗಾಲಯವೆಂದರೆ ಪಂಜರಗಳ ಸಾಲು, ಅಷ್ಟೆ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರು 1892ರಲ್ಲಿ ತೆರೆದ ಮೃಗಾಲಯ ದೇಶಕ್ಕೆ ಹೆಸರಾದರೂ, ಬೇರೆ ಊರುಗಳಲ್ಲಿ ಕಂಡಕಂಡಲ್ಲಿ ಹುಟ್ಟಿಕೊಂಡ ಕಿರುಮೃಗಾಲಯಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1991ರಲ್ಲಿ ತಿದ್ದುಪಡಿಯಾಗಿ, 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸ್ಥಾಪನೆಗೊಂಡ ಮೇಲೆ ಪರಿಸ್ಥಿತಿ ಬದಲಾಗತೊಡಗಿತು. ಪ್ರಾಧಿಕಾರದ ಮಾನ್ಯತೆ ಇಲ್ಲದೆ ಮೃಗಾಲಯ ನಡೆಸುವಂತಿಲ್ಲ. ಪ್ರಾಣಿಗೆ ಎಷ್ಟು ಜಾಗ, ಎಂಥ ನೆರಳು, ಯಾವ ವೈದ್ಯ ಎಂಬುದಕ್ಕೆಲ್ಲ ಲೆಕ್ಕ ಬಂದಿತು.

ಈ ಬದಲಾವಣೆಯನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂದರೆ ಕಮಲಾಪುರಕ್ಕೆ ಕರೆದೊಯ್ಯಬೇಕು. ಕಮಲಾಪುರವೆಂದೊಡನೆ ಕಲಬುರಗಿಯವರ ಮನಸ್ಸು ಹುಮನಾಬಾದ್ ರಸ್ತೆಗೆ ಓಡುತ್ತದೆ, ಬಾಯಲ್ಲಿ ನೀರೂರುತ್ತದೆ. ಕೆಂಪು ಸಿಪ್ಪೆಯ, ಕೆನೆಬಣ್ಣದ ತಿರುಳಿನ ಆ ಬಾಳೆಹಣ್ಣಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಊರೂ ಈಗ ತಾಲ್ಲೂಕು ಕೇಂದ್ರ. ಆದರೆ ನಾವು ಹೇಳುತ್ತಿರುವ ಕಮಲಾಪುರ ಹಂಪಿಯ ಮಗ್ಗುಲಿನದು, ವಿಜಯನಗರ ಜಿಲ್ಲೆಯದು. ವಿರೂಪಾಕ್ಷನ ದರ್ಶನಕ್ಕೆಂದು, ಹರಿಹರ ರಾಘವಾಂಕರು ನಡೆದಾಡಿದ ನೆಲವನ್ನು ನೋಡಬೇಕೆಂದು ನಮ್ಮ ಕಡೆಯಿಂದ ಕುಟುಂಬಗಳು ಹೋಗುತ್ತಲೇ ಇರುತ್ತವೆ. ರಾತ್ರಿ ಬಸ್ಸು ಹತ್ತಿ ಬೆಳಗಿಗೆ ಹೊಸಪೇಟೆಯಲ್ಲಿ ಇಳಿದವರಿಗೆ ಒಂದಿಡೀ ದಿನ ಕೈಯಲ್ಲಿರುತ್ತದೆ. ಅದರಲ್ಲಿ ಅರ್ಧ ದಿನವನ್ನು ಅಟಲ್ ಬಿಹಾರಿ ವಾಜಪೇಯಿ ಪ್ರಾಣಿಸಂಗ್ರಹಾಲಯಕ್ಕೆ ಎತ್ತಿಡಬಹುದು.

2017ರಲ್ಲಿ ತೆರೆದ ಈ ಉದ್ಯಾನ ಬಂಡೆಗುಡ್ಡಗಳ ಕುರುಚಲು ಕಾಡಿನೊಳಗೆ ಹರಡಿಕೊಂಡಿದೆ. ಬಳ್ಳಾರಿ ನಗರದ ಕಿರುಮೃಗಾಲಯದಲ್ಲಿದ್ದ ಪ್ರಾಣಿಗಳನ್ನೂ ಇಲ್ಲಿಗೇ ತಂದರು. ಬಳ್ಳಾರಿಯಲ್ಲಿ ಆಗಲೇ ನಡೆದದ್ದು ಇದು. ಕಲಬುರಗಿಯಲ್ಲಿ ಯೋಜಿಸಿದ್ದೂ ಇದೇ ಬಗೆಯದು. ಸಫಾರಿಯಲ್ಲಿ ನಾವು ವಾಹನದೊಳಗೆ ಬಂದಿಯಾಗಿ ಕುಳಿತುಕೊಳ್ಳುತ್ತೇವೆ; ಹೊರಗೆ ಜಿಂಕೆ, ಕೃಷ್ಣಮೃಗಗಳು ಮೇಯುತ್ತಿರುತ್ತವೆ. ಪಂಜರದ ಒಳಹೊರಗು ಅದಲುಬದಲಾದ ಈ ಏರ್ಪಾಟನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಗುರುತಿಸುತ್ತಾರೆ.

ಇಂಥಲ್ಲಿ ಒಂದು ಗೊಣಗಾಟ ಸದಾ ಕಿವಿಗೆ ಬೀಳುತ್ತದೆ: ದುಡ್ಡು ಕೊಟ್ಟು ಬಂದೆವು, ಹುಲಿಯ ಬಾಲವೂ ಕಾಣಲಿಲ್ಲ! ನಡುಹಗಲಿನಲ್ಲಿ ಹುಲಿ ಪೊದೆಯ ನೆರಳು ಹಿಡಿದು ಮಲಗುವುದು ಸಹಜ. ಕಾಣದೆ ಮರೆಯಾಗುವ ಅವಕಾಶ ಇರುವುದೇ ಒಳ್ಳೆಯ ಆವರಣದ ಲಕ್ಷಣ. ಊರ ನಡುವಿನ ಹಳೆಯ ಪಂಜರಗಳಲ್ಲಿ ಪ್ರಾಣಿ ತಪ್ಪದೆ ಕಾಣುತ್ತಿದ್ದುದು ಅದಕ್ಕೆ ಹೋಗಲು ಬೇರೆ ಜಾಗವಿರಲಿಲ್ಲವೆಂದು. ಹಾಗಾಗಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಲೇಸು. ನಮ್ಮ ಕಡೆಯ ಬೇಸಿಗೆಯಲ್ಲಂತೂ ಹೋಗಬಾರದು. ಮಳೆ ನಿಂತ ಮೇಲೆ, ಚಳಿಗಾಲದ ದಿನಗಳೇ ಸರಿ. ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಂಡಿರಬೇಕು.

ಇನ್ನು ಬುತ್ತಿಯ ಮಾತು. ತಾಯಂದಿರು ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಜೊತೆಗೊಂದು ಗೊನೆ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಹೊರಡುತ್ತಾರೆ. ತಿನ್ನಲು ಸೂಚಿಸಿದ ಜಾಗದಲ್ಲಿ ಕುಳಿತು ಉಣ್ಣಲಿ. ತೊಡಕು ಎದುರಾಗುವುದು ಜಿಂಕೆಯ ಬೇಲಿಯ ಬಳಿ. ನಮ್ಮದು ದಾಸೋಹದ ಮನೆತನಗಳ ಸಮಾಜ. ಎದುರಿಗಿನ ಜೀವ ನಮ್ಮತ್ತ ನೋಡುತ್ತಿರುವಾಗ ತಾನೊಬ್ಬನೇ ತಿನ್ನುವುದು ನಮಗೆ ಬಾರದು. ಕೈ ತಾನಾಗಿ ಚಾಚಿಕೊಳ್ಳುತ್ತದೆ. ಕಾವಲುಗಾರ ಗದರಿಸಿದರೆ, ಅನ್ನ ಹಾಕುವುದೂ ಅಪರಾಧವೇ ಎಂದು ಅಜ್ಜಿಯರು ಮುನಿಸಿಕೊಳ್ಳುವುದುಂಟು.

ಅವರ ಪ್ರಶ್ನೆ ಹಗುರವಾದುದಲ್ಲ. ಅರಳಗುಂಡಗಿಯ ಹೊಲದಲ್ಲಿ ಜೋಳದ ತೆನೆಗೆ ಮುತ್ತಿದ ಹಕ್ಕಿಗಳನ್ನು ಕವಣೆ ಬೀಸಿ ಓಡಿಸುವ ಬದಲು, ಅವು ತಿಂದು ದಣಿವಾರಿಸಿಕೊಳ್ಳಲೆಂದು ನೀರನ್ನೂ ಇಟ್ಟರೆಂಬ ಶರಣಬಸವೇಶ್ವರರ ಕಥೆಯನ್ನು ಕೇಳಿ ಬೆಳೆದವರು ಅವರು. ಆದರೆ ಆ ಕಥೆಯನ್ನೇ ಇನ್ನೊಮ್ಮೆ ನೋಡೋಣ. ಆ ಹಕ್ಕಿಗಳು ತಮ್ಮಿಷ್ಟದಂತೆ ಬಂದವು, ತಮಗೆ ಒಗ್ಗುವ ಕಾಳನ್ನೇ ಆರಿಸಿ ತಿಂದವು, ಸಾಕೆನಿಸಿದಾಗ ಹಾರಿಹೋದವು. ಬೇಲಿಯೊಳಗಿನ ಜಿಂಕೆಗೆ ಈ ಮೂರರಲ್ಲಿ ಒಂದೂ ಇಲ್ಲ. ಅದು ಮೆಲುಕು ಹಾಕುವ ಪ್ರಾಣಿ. ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲ ಕೋಣೆಯ ಸೂಕ್ಷ್ಮಜೀವಿಗಳು ಸೊಪ್ಪು ಮೇವನ್ನು ನಿಧಾನವಾಗಿ ಕೊಳೆಯಿಸಿ ಜೀರ್ಣಕ್ಕೆ ಅಣಿಮಾಡುತ್ತವೆ. ಅಲ್ಲಿಗೆ ಬ್ರೆಡ್ಡು, ಅನ್ನ, ಸಿಹಿ ಹಣ್ಣು ಹೆಚ್ಚಾಗಿ ಬಿದ್ದರೆ ಹುಳಿಯೇರಿ ಹೊಟ್ಟೆಯುಬ್ಬರವಾಗುತ್ತದೆ, ಮೆಲುಕು ನಿಲ್ಲುತ್ತದೆ, ಪ್ರಾಣಕ್ಕೂ ಕುತ್ತು ಬರಬಹುದು. ಒಬ್ಬರು ಕೊಟ್ಟ ಒಂದು ಹಣ್ಣಿನಿಂದ ಏನಾದೀತು ಎನ್ನಬಹುದು. ಜಾತ್ರೆಯಂತೆ ಜನ ಸೇರುವ ರಜೆಯ ದಿನ ಹಾಗೆ ಎಣಿಸುವವರು ಎಷ್ಟು ಮಂದಿ? ಹಣ್ಣಿನ ಜೊತೆಗೆ ಪ್ಲಾಸ್ಟಿಕ್ ಚೀಲವೂ ಹಾರಿಬಿದ್ದರಂತೂ ಮುಗಿಯಿತು; ನುಂಗಿದ ಚೀಲ ಕರಗದೆ ಹೊಟ್ಟೆಯಲ್ಲೇ ಗಂಟಾಗಿ ಕೂರುತ್ತದೆ.

ಆದುದರಿಂದಲೇ ವನ್ಯಜೀವಿ ಕಾಯ್ದೆಯ 38ಜೆ ಕಲಮು ಮೃಗಾಲಯದಲ್ಲಿ ಪ್ರಾಣಿಯನ್ನು ಕೆಣಕುವುದು, ಗಾಯಗೊಳಿಸುವುದು, ಗದ್ದಲದಿಂದ ಕಾಡುವುದು, ಕಸ ಚೆಲ್ಲುವುದು ಇವುಗಳ ಸಾಲಿನಲ್ಲೇ ತಿನಿಸು ಹಾಕುವುದನ್ನೂ ನಿಷೇಧಿಸಿದೆ. ಕಲ್ಲೆಸೆಯುವವನನ್ನೂ ಹಣ್ಣೆಸೆಯುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಮೊದಲು ಕಟುವೆನಿಸುತ್ತದೆ. ಜಿಂಕೆಯ ಹೊಟ್ಟೆಯ ಕಡೆಯಿಂದ ನೋಡಿದರೆ ಅಲ್ಲಿ ಹೆಚ್ಚಿನ ಅಂತರವಿಲ್ಲ.

ಮಕ್ಕಳು ಕೇಳುವ ಇನ್ನೊಂದು ಪ್ರಶ್ನೆಗೆ ಹಿರಿಯರು ಉತ್ತರ ಸಿದ್ಧವಿಟ್ಟುಕೊಂಡಿರಬೇಕು. ಸಸ್ಯಾಹಾರಿ ಮನೆಯ ಮಗು ಸಿಂಹಕ್ಕೆ ಮಾಂಸ ಹಾಕುವುದನ್ನು ಕೇಳಿ, ಇದು ಪಾಪವಲ್ಲವೇ ಎನ್ನುತ್ತದೆ. ಮಾತು ಮರೆಸುವುದಕ್ಕಿಂತ ಇದ್ದದ್ದನ್ನು ಹೇಳುವುದೇ ಸರಿ: ಸಿಂಹದ ಹಲ್ಲು, ಕರುಳುಗಳು ಸೊಪ್ಪಿಗೆ ಹೊಂದಿದವಲ್ಲ, ನಮ್ಮ ವ್ರತವನ್ನು ಅದರ ಮೇಲೆ ಹೇರುವುದು ದಯೆಯಾಗದು. ಉಪವಾಸವಂತೂ ಅವುಗಳಿಗೂ ಇದೆ. ಅನೇಕ ಮೃಗಾಲಯಗಳಲ್ಲಿ ವಾರಕ್ಕೊಂದು ದಿನ ಹುಲಿ ಸಿಂಹಗಳಿಗೆ ಆಹಾರ ಕೊಡುವುದಿಲ್ಲ. ಕಾಡಿನಲ್ಲಿ ಅವು ದಿನವೂ ಬೇಟೆ ತಿನ್ನುವುದಿಲ್ಲವಲ್ಲ! ಸೋಮವಾರದ ಉಪವಾಸಕ್ಕೆ ಗೊಣಗುವ ನಮ್ಮ ಮಕ್ಕಳಿಗೆ ಈ ಸಂಗತಿ ಬಲು ಇಷ್ಟವಾಗುತ್ತದೆ.

ಬಾಳೆಹಣ್ಣಿನ ಕೈಯನ್ನು ಹಿಂದಕ್ಕೆ ಎಳೆದುಕೊಂಡರೆ ದಾಸೋಹಕ್ಕೆ ದಾರಿಯೇ ಇಲ್ಲವೇ? ಇದೆ. 1979ರಲ್ಲಿ ಸ್ಥಾಪನೆಯಾದ ಕರ್ನಾಟಕ ಮೃಗಾಲಯ ಪ್ರಾಧಿಕಾರ ತನ್ನ ಮೃಗಾಲಯಗಳಲ್ಲಿ ಪ್ರಾಣಿಗಳ ದತ್ತು ಯೋಜನೆಯನ್ನು ನಡೆಸುತ್ತಿದೆ. ದತ್ತು ಎಂದರೆ ಪ್ರಾಣಿ ನಮ್ಮ ಮನೆಗೆ ಬರುವುದಿಲ್ಲ. ಅದು ತನ್ನ ಜಾಗದಲ್ಲೇ ಇರುತ್ತದೆ, ಗೊತ್ತಾದ ಅವಧಿಗೆ ಅದರ ಮೇವಿನ ಆರೈಕೆಯ ವೆಚ್ಚಕ್ಕೆ ನಾವು ಹಣ ಸಲ್ಲಿಸುತ್ತೇವೆ. 2020 ಮತ್ತು 2021ರಲ್ಲಿ ಕೊರೊನಾದಿಂದ ಬಾಗಿಲು ಮುಚ್ಚಿ ಟಿಕೆಟ್ಟಿನ ಆದಾಯ ನಿಂತಾಗ ನಾಡಿನ ಅನೇಕರು ಈ ದಾರಿಯಿಂದಲೇ ನೆರವಾದರು. ಜನರು ಬರದಿದ್ದರೂ ಆನೆಯ ಹಸಿವು ನಿಲ್ಲುವುದಿಲ್ಲ. ಆ ದಿನಗಳಲ್ಲೂ ಪ್ರಾಣಿಪಾಲಕರು ಬೆಳಿಗ್ಗೆ ಬಂದು ಆವರಣ ಗುಡಿಸಿ, ಮೇವು ತೂಗಿ ಹಾಕಿ, ಸಗಣಿ ಹಿಕ್ಕೆಗಳನ್ನು ನೋಡಿ ಆರೋಗ್ಯ ಅರಿಯುವ ಕೆಲಸ ಬಿಡಲಿಲ್ಲ. ಕಾಯಕವೆಂದರೇನೆಂದು ಮಕ್ಕಳು ಕೇಳಿದರೆ ಸನಿಕೆ ಹಿಡಿದ ಆ ಪಾಲಕರತ್ತ ಬೆರಳು ತೋರಿಸಬಹುದು.

ಹುಟ್ಟುಹಬ್ಬದ ಕೇಕು, ದೀಪಾಲಂಕಾರಗಳಿಗೆ ಸುರಿಯುವ ಹಣದಲ್ಲಿ ಒಂದು ಪಾಲು ತೆಗೆದು ಮಗುವಿನ ಹೆಸರಿನಲ್ಲಿ ದತ್ತು ಪಡೆಯಬಹುದು. ಪುಟ್ಟ ಹಕ್ಕಿಗೆ ಸಲ್ಲುವ ಮೊತ್ತ ಕಡಿಮೆ, ಆನೆಗೆ ದೊಡ್ಡದು, ಶಕ್ತಿಯಿದ್ದಷ್ಟು. ಅಕ್ಕಪಕ್ಕದ ನಾಲ್ಕು ಮನೆಯವರು, ಅಥವಾ ಓಣಿಯ ಅಕ್ಕನ ಬಳಗದವರು ಸೇರಿ ದೊಡ್ಡ ಪ್ರಾಣಿಯನ್ನೇ ವಹಿಸಿಕೊಂಡರೂ ಸರಿಯೇ. ಆಯ್ಕೆಯಲ್ಲಿ ಮಾತ್ರ ನಮ್ಮದೊಂದು ವಿನಂತಿ. ಕೇಳಿದವರೆಲ್ಲ ಹುಲಿಯನ್ನೋ ಆನೆಯನ್ನೋ ಕೇಳುತ್ತಾರೆ. ನಮ್ಮ ಹೊಲಗಳ ಬದುವಿನಲ್ಲಿ ಸಂಜೆ ಊಳಿಡುತ್ತಿದ್ದ ನರಿಯನ್ನು, ಕುರಿಹಟ್ಟಿಯವರಿಂದ ಬೈಗುಳ ತಿಂದೇ ಬದುಕಿದ ತೋಳವನ್ನು, ಹೆಸರೆತ್ತಿದರೆ ಮುಖ ಸಿಂಡರಿಸಿಕೊಳ್ಳುವ ಕತ್ತೆಕಿರುಬವನ್ನು ಕೇಳುವವರು ವಿರಳ. ಅವು ಈ ಬಯಲುಸೀಮೆಯವೇ, ನಮ್ಮ ನೆರೆಯವೇ. ಪಟ್ಟಿಯಲ್ಲಿ ಅವುಗಳ ಹೆಸರಿದ್ದರೆ ಮೊದಲು ಅತ್ತ ನೋಡಿರಿ.